ಎಲೆ ಮಡಿಸಿದ ಕಡೆ

ಎರಡು ವರ್ಷದ ಹಿಂದಿನ ಮಹಾಲಯ ಅಮಾವಾಸ್ಯೆಯ ಸಂಜೆ, ಬೀದಿ ದೀಪಗಳು ಹತ್ತಿಕೊಳ್ಳುವ ಹೊತ್ತಿನಲ್ಲಿ, ನಾನು ಜಂಗಮಕೋಟೆಯ ನಮ್ಮ ಮನೆಯ ಜಗಲಿಯ ಮೇಲೆ, ಪಡಸಾಲೆಯ ಮುಚ್ಚಿದ ಬಾಗಿಲಿಗೆ ಎದುರಾಗಿ, ಎಡಗಡೆಯ ಕಂಬಕ್ಕೆ ಹೆಗಲು ಕೊಟ್ಟು ನಿಂತಿದ್ದೆ. ಬಾಗಿಲಿಗೂ ನನಗೂ ನಡುವೆ ಒಂದು ಚಾಪೆ ಹಾಸುವಷ್ಟು ಜಾಗವಿತ್ತು. ಬೆಳಕು ಕಡಿಮೆಯಾಗಿತ್ತು, ಆದರೆ ಹೊಸ್ತಿಲಿನ ಅರಿಶಿನ ಕುಂಕುಮ ಬೇರೆ ಬೇರೆಯಾಗಿ ಕಾಣುವಷ್ಟು ಇತ್ತು. ಕನ್ನಡಕ ಹಾಕಿಕೊಂಡಿದ್ದೆ. ಏನನ್ನೂ ಕುಡಿದಿರಲಿಲ್ಲ, ಅಂದಿನ ಗಡಿಬಿಡಿಯಲ್ಲಿ ಸಂಜೆಯ ಕಾಫಿಯೂ ಸಿಕ್ಕಿರಲಿಲ್ಲ.

ಹೀಗೆ ಶುರು ಮಾಡುವುದು ನನ್ನ ಕಸುಬಿನ ದೋಷ. ನಾನು ಜಮೀನು ಅಳೆಯುವ ಸರ್ವೆಯರ್. ಸ್ಥಳದ ಮಹಜರು ಬರೆಯುವಾಗ ನಾವು ಎಲ್ಲಿ ನಿಂತಿದ್ದೆವು, ಯಾವ ಹೊತ್ತು ಎಂಬುದು ಮೊದಲು ಬರಬೇಕು. ಯಾರ್ಯಾರು ನೋಡಿದರು ಎಂಬುದು ಕೊನೆಗೆ. ಈ ಎರಡು ತುದಿ ಗಟ್ಟಿಯಾಗಿದ್ದರೆ ನಡುವೆ ಬರೆದದ್ದು ನಿಲ್ಲುತ್ತದೆ ಎಂದು ನನಗೆ ಕೆಲಸ ಕಲಿಸಿದವರು ಹೇಳಿದ್ದರು. ಅಭ್ಯಾಸ ಎಷ್ಟು ಬಲಿತಿದೆಯೆಂದರೆ, ಮದುವೆಗೆ ಹೋಗಿ ಬಂದಾಗ ಊಟ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನ್ನ ಹೆಂಡತಿ ನನಗಿಂತ ಮೊದಲು ಉತ್ತರ ಕೊಡುತ್ತಾಳೆ. "ಇವರನ್ನ ಕೇಳ್ಬೇಡ್ರಿ. ಎರಡನೇ ಪಂಕ್ತಿ, ಕಿಟಕಿ ಪಕ್ಕ ಕೂತಿದ್ದೆ ಅಂತ ಶುರು ಮಾಡ್ತಾರೆ. ಪಾಯಸಕ್ಕೆ ಬರೋದ್ರೊಳಗೆ ನಿಮ್ಮ ಬಸ್ಸು ಹೋಗಿರುತ್ತೆ."

ನಾನು ಹೇಳಹೊರಟಿರುವುದೂ ಒಂದು ಊಟದ ವಿಷಯವೇ. ತಲೆ ಕೆಡಿಸಿಕೊಳ್ಳದೆ ಮನೆಯಲ್ಲಿ ಹಬ್ಬದ ಊಟ ಏರ್ಪಡಿಸುವುದು ಹೇಗೆ ಎಂಬ ಬಹಳ ಸಾಧಾರಣವಾದ ವಿಷಯ. ನನ್ನ ಹೆಂಡತಿಯ ಹೆಸರು ಸರಳಾ. ಹೆಸರಿಗೆ ತಕ್ಕಂತೆ ಬದುಕಬೇಕೆಂದು ಆಕೆ ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ತೀರ್ಮಾನಿಸಿದಳು. ಮೊಬೈಲಿನಲ್ಲಿ ಒಬ್ಬ ಹೆಣ್ಣುಮಗಳು, ಒಂದು ಹನಿ ಎಣ್ಣೆಯೂ ಸಿಡಿಯದ ಅಡುಗೆಮನೆಯಲ್ಲಿ ನಿಂತುಕೊಂಡು, ಹಬ್ಬವೆಂದರೆ ಹೆದರಬೇಡಿ ಎಂದು ಬುದ್ಧಿ ಹೇಳುತ್ತಿದ್ದಳು. ಅಡುಗೆಯ ಸಂಖ್ಯೆ ಕಡಿಮೆ ಮಾಡಿ. ಅರ್ಧ ಕೆಲಸ ಹಿಂದಿನ ದಿನವೇ ಮುಗಿಸಿ. ಬಂದವರಿಗೆ ಒಂದೊಂದು ಕೆಲಸ ಹಂಚಿ. ಎಲ್ಲಕ್ಕಿಂತ ಮುಖ್ಯವಾಗಿ, ಕೊಂಕು ತೆಗೆಯುವವರನ್ನು ಕರೆಯಬೇಡಿ.

ಕೊನೆಯ ಮಾತು ನಮ್ಮ ಮನೆಯಲ್ಲಿ ನಡೆಯುವಂತಿರಲಿಲ್ಲ. ನಮ್ಮದು ಹಿರಿಯರ ಹಬ್ಬ. ನಮ್ಮ ಕಡೆ ತೆಲುಗು ಬೆರೆಸಿ ಪೆದ್ದಲ ಪಂಡುಗ ಎನ್ನುವವರೂ ಇದ್ದಾರೆ. ತೀರಿಕೊಂಡ ಹಿರಿಯರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಧೂಪ ಹಾಕಿ, ಮನೆಮಂದಿಯೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಅವರು ಉಣ್ಣುವಾಗ ನಾವು ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿ, ಕೆಮ್ಮಿ, ಒಳಗೆ ಹೋಗಬೇಕು. ಉಂಡವರು ಎದ್ದು ಹೋಗಲು ಹೊತ್ತು ಕೊಡಬೇಕಲ್ಲ. ಆಮೇಲೆ ನಮ್ಮ ಊಟ.

ಸತ್ತವರು ಒಂದು ಲೆಕ್ಕಕ್ಕೆ ಒಳ್ಳೆಯ ಅತಿಥಿಗಳು. ಹೇಳಿದ ದಿನ ಬರುತ್ತಾರೆ, ಜೊತೆಗೆ ಹೇಳದವರನ್ನು ಕರೆತರುವುದಿಲ್ಲ, ಉಪ್ಪು ಕಡಿಮೆ ಎನ್ನುವುದಿಲ್ಲ. ಇನ್ನೊಂದು ಲೆಕ್ಕಕ್ಕೆ ಅವರಷ್ಟು ಹಟಮಾರಿಗಳಿಲ್ಲ. ಬದುಕಿರುವವರ ರುಚಿ ಬದಲಾಗುತ್ತದೆ. ಡಾಕ್ಟರು ಹೇಳಿದರೆ ಸಿಹಿ ಬಿಡುತ್ತಾರೆ. ನಮ್ಮ ಅಪ್ಪನಿಗೆ ಮುದ್ದೆಯ ಜೊತೆ ಹುರುಳಿಕಾಳಿನ ಬಸ್ಸಾರೇ ಆಗಬೇಕು, ಅಮ್ಮನಿಗೆ ಕಜ್ಜಾಯ, ಅಜ್ಜನಿಗೆ ನಾಟಿಕೋಳಿ ಸಾರು ಮತ್ತು ಬೀಡಿ. ಈ ಪಟ್ಟಿಯಲ್ಲಿ ಒಂದನ್ನೂ ತಿದ್ದುವಂತಿಲ್ಲ, ಏಕೆಂದರೆ ಒಪ್ಪಿಗೆ ಕೇಳಲು ಅವರಿಲ್ಲ. ಮನೆಯಲ್ಲಿ ಈಗ ಹೆದರದೆ ಕಜ್ಜಾಯ ತಿನ್ನಬಲ್ಲವರು ಗೋಡೆಯ ಮೇಲಿರುವವರು ಮಾತ್ರ.

ಆ ವರ್ಷ ಹಬ್ಬವನ್ನು ಹಗುರ ಮಾಡಲೇಬೇಕಾದ ಕಾರಣವೂ ಒದಗಿತ್ತು. ನಾವು ನನ್ನ ಅತ್ತಿಗೆ ರತ್ನಮ್ಮನವರ ಜೊತೆಗೇ ಇದ್ದೇವೆ. ಮನೆಗೆ ಅಂಟಿಕೊಂಡೇ ಹುಳುಮನೆ. ರೇಷ್ಮೆ ಹುಳು ಸಾಕುವವರು ಅತ್ತಿಗೆ; ನಾನು ಸೊಪ್ಪಿನ ಹೊರೆ ಇಳಿಸಿಕೊಡುವುದಕ್ಕೆ ಮಾತ್ರ ಲಾಯಕ್ಕು. ಆ ಸಲ ಹುಳು ಸರಿಯಾಗಿ ಅಮಾವಾಸ್ಯೆಯ ದಿನವೇ ಹಣ್ಣಾದವು. ಹಣ್ಣಾದ ಹುಳು ಮೇವು ಬಿಡುತ್ತದೆ, ಮೈ ಬೆಳಕು ತೂರುವ ಹಾಗೆ ಹೊಂಬಣ್ಣವಾಗುತ್ತದೆ, ಗೂಡು ಕಟ್ಟುವ ಜಾಗಕ್ಕೆ ತಲೆಯೆತ್ತಿ ಹುಡುಕುತ್ತದೆ. ಆಗ ಅದನ್ನು ಆರಿಸಿ ಚಂದ್ರಂಕಿಯ ಮೇಲೆ, ಅಂದರೆ ಬಿದಿರಿನ ಸುರುಳಿ ಹೆಣೆದ ದೊಡ್ಡ ತಟ್ಟಿಯ ಮೇಲೆ, ಬಿಡಬೇಕು. ನಾಳೆ ಬಿಡುತ್ತೇವೆ ಎಂದರೆ ಕೇಳುವುದಿಲ್ಲ. ಸತ್ತವರನ್ನು ಒಂದು ದಿನ ಮುಂದಕ್ಕೆ ಹಾಕಲಾಗದು, ಹುಳುವನ್ನೂ ಆಗದು. ಹೀಗಾಗಿ ಸರಳಾಳ ಯೋಜನೆಗೆ ಎಲ್ಲರೂ ಒಪ್ಪಿದರು. ಕಜ್ಜಾಯ ಹಿಂದಿನ ದಿನವೇ ಆಯಿತು. ಅನ್ನ ಸಾಂಬಾರು ಪಲ್ಯ ಶಿಡ್ಲಘಟ್ಟದ ಒಬ್ಬ ಅಡುಗೆಯವನಿಂದ ಆಟೋದಲ್ಲಿ ಬರುವುದು. ಮುದ್ದೆ, ಬಸ್ಸಾರು, ಕೋಳಿ ಮಾತ್ರ ಮನೆಯಲ್ಲಿ.

ಹಿಂದಿನ ದಿನವೇ ದಿಬ್ಬೂರಹಳ್ಳಿಯಿಂದ ಬೈರಪ್ಪ ಚಿಕ್ಕಪ್ಪ ಬಂದರು. ಅಪ್ಪನ ತಮ್ಮ, ನಮ್ಮ ಮನೆತನದಲ್ಲಿ ಉಳಿದ ಒಬ್ಬರೇ ಹಿರಿಯರು. ಬಂದವರೇ ಅಡುಗೆಮನೆಗೆ ಇಣುಕಿದರು. ಒಲೆಯ ಮೇಲೆ ಒಂದೇ ಪಾತ್ರೆ.

"ಏಮಮ್ಮಾ ಸರಳಾ, ಹಬ್ಬ ಈ ಸಲ ಮನೇಲೋ, ಹೋಟ್ಲಾಗೋ?"

"ಮನೇಲೇ ಮಾವ. ಸಾಂಬಾರು ಮಾತ್ರ ಆಟೋದಲ್ಲಿ ಬರುತ್ತೆ."

"ನಮ್ಮಣ್ಣ ಬದುಕಿರೋವರ್ಗೂ ಹೋಟ್ಲು ಮೆಟ್ಲು ಹತ್ತಿದೋನಲ್ಲ. ಸತ್ತ ಮೇಲೆ ಕಲಿಸ್ತಿದೀಯಾ?"

ಕೊಂಕು ತೆಗೆಯುವವರನ್ನು ಕರೆಯಬೇಡಿ ಎಂದ ಆ ಮೊಬೈಲಿನ ಹೆಣ್ಣುಮಗಳಿಗೆ ಗಂಡನ ಕಡೆಯ ಚಿಕ್ಕ ಮಾವಂದಿರು ಇರಲಿಲ್ಲವೆಂದು ಕಾಣುತ್ತದೆ.

ಆದರೆ ಚಿಕ್ಕಪ್ಪ ಬಂದದ್ದು ಸಾಂಬಾರಿನ ವಿಚಾರಣೆಗಲ್ಲ. ಅವರು ಬಂದ ಕಾರಣ ನನ್ನ ಅಣ್ಣ ಆಂಜಿನಪ್ಪ.

ಅಣ್ಣ ಒಂದು ದಿನ ರೇಷ್ಮೆಗೂಡು ಹಾಕಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ. ಹರಾಜು ಮುಗಿಸಿ ಹೊರಗೆ ಬಂದು, ನಮ್ಮೂರಿನವರೊಬ್ಬರ ಜೊತೆ ಟೀ ಕುಡಿದು, "ನೀನು ಮುಂದೆ ಹೋಗಿರು, ಊಟಕ್ಕೆ ಬರ್ತೀನಿ ಅಂತ ಮನೇಲಿ ಹೇಳು" ಎಂದನಂತೆ. ಆ ಮಾತು ಮನೆಗೆ ಬಂತು. ಅಣ್ಣ ಬರಲಿಲ್ಲ. ಆಗ ಅವನ ಮಗಳು ಚೈತ್ರ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಹುಡುಕದ ಜಾಗವಿಲ್ಲ, ಕೊಡದ ದೂರಿಲ್ಲ. ಜಗಳವಿರಲಿಲ್ಲ, ಕಾಯಿಲೆಯಿರಲಿಲ್ಲ. ಸಾಯುವವರು ಏನಾದರೂ ಬಿಟ್ಟು ಸಾಯುತ್ತಾರೆ. ಅಣ್ಣ ಬಿಟ್ಟದ್ದು ಆ ಒಂದು ಮಾತನ್ನು. ಅಂದಿನಿಂದ ಅತ್ತಿಗೆ ಪ್ರತಿ ದಿನ ಒಬ್ಬರಿಗಾಗುವಷ್ಟು ಹೆಚ್ಚಿಗೆ ಅಡುಗೆ ಮಾಡುತ್ತಾರೆ. ಕೇಳಿದರೆ ನಾಯಿಗೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ನಾಯಿ ಇಲ್ಲ.

ಚೈತ್ರ ಈಗ ಚಿಂತಾಮಣಿಯಲ್ಲಿ ನರ್ಸ್. ಆ ವರ್ಷ ಗೌರಿಬಿದನೂರಿನ ಹುಡುಗನ ಜೊತೆ ಅವಳ ಮದುವೆ ಗೊತ್ತಾಗಿತ್ತು. ಒಳ್ಳೆಯ ಜನ. ಹುಡುಗನ ತಾಯಿ ಬಹಳ ಸಂಕೋಚದಿಂದ ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದ್ದರು: "ಕಾರ್ಡಿಗೆ ಕೊಡ್ಬೇಕಿತ್ತು. ಹುಡುಗಿ ತಂದೆ ಹೆಸರು ಹೆಂಗೆ ಹಾಕಿಸೋದು?"

ಪ್ರಶ್ನೆ ಒಂದೇ ಅಕ್ಷರದ್ದು. ಆಂಜಿನಪ್ಪ ಎಂಬ ಹೆಸರಿನ ಹಿಂದೆ 'ದಿ' ಎಂದು ಹಾಕಬೇಕೋ ಬೇಡವೋ. ದಿವಂಗತ ಎಂಬ ಅಷ್ಟು ದೊಡ್ಡ ಮಾತನ್ನು ನಾವು ಒಂದೇ ಅಕ್ಷರಕ್ಕೆ ಇಳಿಸಿ ಇಟ್ಟುಕೊಂಡಿದ್ದೇವೆ. ಕಾರ್ಡಿನಲ್ಲಿ ಜಾಗ ಉಳಿಯುತ್ತದೆ. ಆದರೆ ಆ ಅಕ್ಷರ ಬಿದ್ದ ಗಳಿಗೆಯಿಂದ ನನ್ನ ಅತ್ತಿಗೆ ವಿಧವೆ. ಮದುವೆಯಲ್ಲಿ ಮಗಳಿಗೆ ಮೊದಲ ಅರಿಶಿನ ಹಚ್ಚುವುದು ಮುತ್ತೈದೆಯ ಕೈ. ಅತ್ತಿಗೆ ಹಿಂದಿನ ಸಾಲಿಗೆ ಹೋಗಬೇಕು. ಈ ಪದ್ಧತಿ ಸರಿಯೇ ಎಂದು ನೀವು ಕೇಳುತ್ತೀರಿ. ಸರಿಯಲ್ಲ. ಚೈತ್ರ ಅದನ್ನು ಎಲ್ಲರ ಮುಂದೆಯೇ ಹೇಳಿದಳು: "ಯಾರು ಏನಾದ್ರೂ ಅಂದ್ಕೊಳ್ಲಿ, ನಂಗೆ ಅರಿಶಿನ ಹಚ್ಚೋದು ನೀನೇ ಕಣಮ್ಮ." ಅತ್ತಿಗೆಗೆ ಅದು ಸಾಲಲಿಲ್ಲ. "ಪಾಪ ಅಂತ ಬಿಟ್ಟುಕೊಟ್ಟಿದ್ದು ನಂಗೆ ಬೇಡ ಮಗ. ನಂದಾಗಿದ್ರೆ ಹಚ್ತೀನಿ" ಎಂದರು.

ಚಿಕ್ಕಪ್ಪನ ತೀರ್ಮಾನ ನೇರವಾಗಿತ್ತು. ಈ ಹಬ್ಬಕ್ಕೆ ಆಂಜಿಗೂ ಒಂದು ಎಲೆ ಹಾಕಿ. ಹಿರಿಯರ ಸಾಲಿನಲ್ಲಿ ಎಲೆ ಹಾಕಿದರೆ ಮುಗಿಯಿತು, ಮನೆಯವರೇ ಒಪ್ಪಿದ ಹಾಗೆ. ಅವರು ಕೆಟ್ಟವರಲ್ಲ. ಜಗಲಿಯ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ನನಗೆ ಹೇಳಿದ್ದು ಇದು: "ಲೇ ಸೀನ, ಆ ನನ್ಮಗ ಸತ್ತಿದ್ರೆ ಇಷ್ಟು ವರ್ಷದಿಂದ ಹಸ್ಕೊಂಡು ತಿರುಗ್ತಿರ್ತಾನೆ ಕಣೋ. ಒಂದು ತುತ್ತು ಇಕ್ಕೋರಿಲ್ಲ ಅವನಿಗೆ."

 

ಅಮಾವಾಸ್ಯೆಯ ಬೆಳಗ್ಗೆ ಅತ್ತಿಗೆ ಹುಳುಮನೆಯ ಬಾಗಿಲಿಗೆ ಬಂದರು. ಬೊಗಸೆ ತುಂಬ ಹಣ್ಣಾದ ಹುಳು. ಒಳಗೆ ಕೂತೇ ಎಲ್ಲ ಕೇಳಿಸಿಕೊಂಡಿದ್ದರು.

"ಇಕ್ರಿ ಮಾವ, ಎಲೆ ಹಾಕ್ರಿ. ಬಂದು ಮುಟ್ಟಿದ್ರೆ ಒಪ್ಕೊಂತೀನಿ. ಮುಟ್ಟಿಲ್ಲ ಅಂದ್ರೆ ನೀವಿನ್ನ ಈ ಮಾತು ಎತ್ತಬಾರ್ದು."

"ಸರೇ" ಎಂದರು ಚಿಕ್ಕಪ್ಪ.

ಮುಟ್ಟುವುದು ಎಂದರೇನೆಂದು ಹೇಳಬೇಕು. ಬಾಗಿಲು ತೆಗೆದ ಮೇಲೆ ನಾವು ಎಲೆಗಳನ್ನು ನೋಡುತ್ತೇವೆ. ಮುದ್ದೆಯ ಮೇಲೊಂದು ಕುಳಿ, ಎಲೆಯಿಂದಾಚೆ ಬಿದ್ದ ನಾಲ್ಕು ಅಗುಳು, ಇಂಥದ್ದೇನಾದರೂ ಕಂಡರೆ ಹಿರಿಯರು ಮುಟ್ಟಿದರು ಎಂದು ಸಮಾಧಾನ. ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಜಮೀನಿನ ಬಾಂದುಕಲ್ಲೂ ಹಾಗೆಯೇ, ಬೇಕೆಂದವರಿಗೆ ಬೇಕಾದ ಕಡೆ ಸಿಗುತ್ತದೆ. ಅತ್ತಿಗೆಗೂ ಇದು ಗೊತ್ತಿತ್ತು. ಗೊತ್ತಿದ್ದೂ ಏಕೆ ಒಪ್ಪಿದರೆಂದು ನನಗೆ ಅರ್ಥವಾಗಲಿಲ್ಲ.

ಸಂಜೆ ಆಟೋ ಬಂತು. ಅತ್ತಿಗೆ, ಚೈತ್ರ, ನಾನು ಅದೇ ಆಗ ಹುಳುಮನೆಯ ಕೆಲಸ ಮುಗಿಸಿ ಸ್ನಾನ ಮಾಡಿದ್ದೆವು. ಎಲೆ ಹಾಕಿದವಳು ಸರಳಾ. ಬಾಗಿಲಿಗೆ ಎದುರಿನ ಗೋಡೆಯ ಮೇಲೆ ಅಜ್ಜ, ಅಪ್ಪ, ಅಮ್ಮ ಇವರ ಫೋಟೋಗಳಿವೆ. ಅವುಗಳ ಕೆಳಗೆ ಗೋಡೆಯಿಂದ ಸ್ವಲ್ಪ ದೂರದಲ್ಲಿ ಎಲೆಗಳ ಸಾಲು. ಗೋಡೆಗೂ ಎಲೆಗೂ ನಡುವೆ ಒಬ್ಬೊಬ್ಬರು ಕೂರುವಷ್ಟು ಜಾಗ ಬಿಡುವುದು ವಾಡಿಕೆ. ಅವರು ಗೋಡೆಗೆ ಒರಗಿ, ನಮ್ಮ ಕಡೆ ಮುಖ ಮಾಡಿ ಕೂರುತ್ತಾರೆ. ಸಾಲಿನ ಕೊನೆಗೆ ಅಣ್ಣನ ಎಲೆ. ಅದರ ಹಿಂದೆ ಬರೀ ಗೋಡೆ. ಅಣ್ಣನ ಫೋಟೋವನ್ನು ಆ ಗೋಡೆಗೆ ಹಾಕಲು ಅತ್ತಿಗೆ ಯಾವತ್ತೂ ಬಿಟ್ಟಿಲ್ಲ. ದೀಪ ಆರದಿರಲಿ ಎಂದು ಸರಳಾ ಫ್ಯಾನ್ ಆರಿಸಿದಳು. ಅಣ್ಣನ ಎಲೆಗೆ ಬಡಿಸಿದವರು ಅತ್ತಿಗೆ. ಮುದ್ದೆ, ಸಾರು, ಅನ್ನ, ಒಂದು ಕಜ್ಜಾಯ. ಎಲೆಗಳೆಲ್ಲ ಬಿಚ್ಚಿ ಹಾಸಿದ್ದವು. ಇದನ್ನು ನಾನು ನೋಡಿದ್ದೇನೆ.

ಐದೂ ಜನ ಹೊರಗೆ ಬಂದೆವು. ಚಿಕ್ಕಪ್ಪ ಬಾಗಿಲು ಎಳೆದುಕೊಂಡರು. ಅವರು ಮೆಟ್ಟಿಲ ಮೇಲೆ ಕೂತರು, ಅತ್ತಿಗೆ ನನ್ನ ಎದುರಿನ ಕಂಬದ ಹತ್ತಿರ ನಿಂತರು, ಸರಳಾ ಮತ್ತು ಚೈತ್ರ ನಮ್ಮ ನಡುವೆ.  ಸರಳಾ ಒಮ್ಮೆ ಮೊಬೈಲು ತೆಗೆದು, ಮತ್ತೆ ಒಳಗಿಟ್ಟಳು.

ಆಗ ಒಂದು ಸದ್ದು ಕೇಳಿಸಿತು. ಸೋಗೆಯ ಮೇಲೆ ತುಂತುರು ಬಿದ್ದಂಥ, ಸಣ್ಣ, ಬಿಡುವಿಲ್ಲದ ಸದ್ದು. ನಮ್ಮ ಮನೆಯಲ್ಲಿ ಬೆಳೆದವರಿಗೆ ಅದು ಹೊಸದಲ್ಲ. ಹುಳುಮನೆಯಲ್ಲಿ ಸೊಪ್ಪು ಹಾಕಿದೊಡನೆ ಸಾವಿರಾರು ಹುಳು ಒಟ್ಟಿಗೆ ಮೇಯುವ ಸದ್ದು ಅದು. ಕೇಳುತ್ತಾ ನಾವು ನಿದ್ದೆ ಹೋಗುತ್ತೇವೆ. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಚೈತ್ರ ನನ್ನ ತೋಳು ಮುಟ್ಟಿದಳು.

"ಚಿಕ್ಕಪ್ಪ," ಎಂದಳು ಮೆಲ್ಲಗೆ, "ಹುಳ ಎಲ್ಲಾ ಚಂದ್ರಂಕಿ ಮೇಲಿದಾವೆ."

ಹೌದು. ಬೆಳಗ್ಗೆಯಿಂದ ನಾವೇ ಹತ್ತಿಸಿದ್ದೆವು. ಗೂಡು ಕಟ್ಟುವ ಹುಳು ಮೇಯುವುದಿಲ್ಲ. ಹಿಂದೆ ಬಿದ್ದ ಹುಳು ಒಂದಷ್ಟು ಇರುತ್ತವೆ, ಅವುಗಳಿಗೆ ಸೊಪ್ಪು ಹಾಕಿರುತ್ತೇವೆ, ಅವು ಮೇದಿರಬಹುದು. ಅಷ್ಟು ಹುಳು ಅಷ್ಟು ಸದ್ದು ಮಾಡುತ್ತವೆಯೇ ಎಂದರೆ ನನಗೆ ತಿಳಿಯದು. ಸದ್ದು ಎಡಗಡೆಯ ಹುಳುಮನೆಯಿಂದ ಬಂತೋ ಎದುರಿನ ಬಾಗಿಲ ಹಿಂದಿನಿಂದ ಬಂತೋ ಎಂದು ನೀವು ಕೇಳಿದರೆ, ನಾನು ಆಗ ಕಿವಿಗೊಟ್ಟು ನೋಡಿದೆ. ಅಷ್ಟರಲ್ಲಿ ನಿಂತಿತ್ತು.

ಚಿಕ್ಕಪ್ಪ ಎದ್ದು, ಬಾಗಿಲು ತಟ್ಟಿ, ಜೋರಾಗಿ ಕೆಮ್ಮಿ, ತಳ್ಳಿದರು.

ದೀಪಗಳು ಹಾಗೇ ಉರಿಯುತ್ತಿದ್ದವು. ಅಜ್ಜನ ಎಲೆ, ಅಪ್ಪನದು, ಅಮ್ಮನದು ಬಡಿಸಿದ ಹಾಗೆಯೇ ಇದ್ದವು. ಕೊನೆಯ ಎಲೆ ಮಡಿಸಿತ್ತು.

ನಡುದಿಂಡಿನ ಗುಂಟ, ಅರ್ಧದ ಮೇಲೆ ಅರ್ಧ ಬರುವಂತೆ, ಅಂಚಿಗೆ ಅಂಚು ಸೇರಿಸಿ, ಊಟ ಮುಗಿಸಿದವರು ಮಡಿಸುವ ಹಾಗೆ ಮಡಿಸಿತ್ತು. ಬಿಸಿ ಅನ್ನ ಬಿದ್ದರೆ ಎಲೆ ಬಾಡುತ್ತದೆ, ಬಾಡಿದ ಎಲೆ ಮುದುರುತ್ತದೆ ಎಂದು ನನಗೆ ಗೊತ್ತು. ಮುದುರಿದ ಎಲೆ ಹೇಗಿರುತ್ತದೆ, ಮಡಿಸಿದ ಎಲೆ ಹೇಗಿರುತ್ತದೆ ಎಂಬುದೂ ನಲವತ್ತು ದಾಟಿದ ಯಾರಿಗಾದರೂ ಗೊತ್ತಿರುತ್ತದೆ.

ಸರಳಾ ನನ್ನ ಅಂಗಿಯ ಹಿಂಭಾಗ ಹಿಡಿದುಕೊಂಡಳು. ಚಿಕ್ಕಪ್ಪನ ಕಣ್ಣಲ್ಲಿ ನೀರು ಬಂತು.

"ಬಂದವ್ನೆ ಕಣಮ್ಮ," ಎಂದರು. "ಉಂಡವ್ನೆ. ಇನ್ನೇನು ಬೇಕು ನಿಂಗೆ?"

ಅತ್ತಿಗೆ ಎಲೆಯಿಂದ ಕಣ್ಣು ತೆಗೆಯಲಿಲ್ಲ. "ಉಂಡಿದಾರೆ, ಇಲ್ಲ ಅನ್ನಲ್ಲ. ಆದ್ರೆ ಮಾವ, ನಮ್ಮತ್ತೆ, ಮಾವನೋರು ಇಷ್ಟು ವರ್ಷ ಬಂದು ಉಂಡು ಹೋದ್ರಲ್ಲ. ಒಂದು ದಿನನಾದ್ರೂ ಎಲೆ ಮಡಿಸಿದ್ರಾ? ಸತ್ತೋರು ಎಲೆ ಮಡಿಸ್ತಾರಾ?"

 ಇಷ್ಟು ವರ್ಷದ ಹಬ್ಬಗಳನ್ನೆಲ್ಲ ನಾನು ಮನಸ್ಸಿನಲ್ಲೇ ನೋಡಿ ಬಂದೆ. ಇಲ್ಲ. ಮಡಿಸಿರಲಿಲ್ಲ.

ಚಿಕ್ಕಪ್ಪ ಹೊಸ್ತಿಲಲ್ಲೇ ನಿಂತು ಬೆರಳು ತೋರಿಸಿದರು. "ಯಾವ ಕಡಿಕ್ ಮಡಿಸವ್ನೆ ನೋಡು. ಆ ಕಡಿಕ್."

ಇಲ್ಲಿ ಎಲೆಯ ಶಾಸ್ತ್ರ ಸ್ವಲ್ಪ ಬೇಕು. ಒಳ್ಳೆಯ ಊಟವಾದರೆ ಉಂಡವನು ಎಲೆಯನ್ನು ತನ್ನ ಕಡೆಗೆ ಮಡಿಸುತ್ತಾನೆ, ಈ ಮನೆಗೆ ಮತ್ತೆ ಬರುತ್ತೇನೆ ಎಂದು. ಸಾವಿನ ಮನೆಯ ಊಟವಾದರೆ ಆಚೆಗೆ ಮಡಿಸುತ್ತಾನೆ, ಇಂಥದಕ್ಕೆ ಮತ್ತೆ ಬರುವುದು ಬೇಡ ಎಂದು. ನಾವು ಬಾಗಿಲಲ್ಲಿ ನಿಂತಿದ್ದೆವು. ನಮ್ಮ ಕಡೆಯ ಅರ್ಧ ಎದ್ದು ಗೋಡೆಯ ಕಡೆಯ ಅರ್ಧದ ಮೇಲೆ ಬಿದ್ದಿತ್ತು. ನಮ್ಮಿಂದ ನೋಡಿದರೆ ಆಚೆಗೆ.

ಅತ್ತಿಗೆ ಸೀರೆಯ ನೆರಿಗೆ ಎತ್ತಿ ಹಿಡಿದು, ಎಲೆಗಳ ಸಾಲನ್ನು ಬಳಸಿಕೊಂಡು ಹೋಗಿ, ಗೋಡೆಗೂ ಆ ಎಲೆಗೂ ನಡುವಿನ ಜಾಗದಲ್ಲಿ ಕೂತುಬಿಟ್ಟರು. ಸತ್ತವರು ಕೂರುವ ಜಾಗದಲ್ಲಿ ಬದುಕಿರುವವರು ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ದೀಪದ ಬೆಳಕು ಅವರ ಮುಖಕ್ಕೆ ಕೆಳಗಿನಿಂದ ಬೀಳುತ್ತಿತ್ತು. ಪಕ್ಕದಲ್ಲಿ ಅಮ್ಮನ ಫೋಟೋ.

"ಇಲ್ಲಿಂದ ನೋಡ್ರಿ ಮಾವ. ನನ್ ಕಡೆಗಿದೆ."

"ಎಲೆ ತುದಿ ನೋಡು," ಎಂದರು ಚಿಕ್ಕಪ್ಪ. "ತುದಿ ಉಣ್ಣೋನ ಎಡಕ್ಕಿರ್ಬೇಕು. ಈ ತುದಿ ನಮ್ಮ ಎಡಕ್ಕದೆ. ಅಂದ್ರೆ ಅವನು ಈ ಕಡೆ ಕೂತಿದ್ದ. ಗೋಡೆ ಕಡೆ ಮುಖ ಮಾಡಿ."

ನಾನು ನೋಡಿದೆ. ಅವರು ಹೇಳಿದ್ದು ನಿಜ. ಅಣ್ಣನ ಎಲೆಯದು ಮಾತ್ರವಲ್ಲ, ಎಲ್ಲ ಎಲೆಗಳ ತುದಿಯೂ ನಮ್ಮ ಎಡಕ್ಕಿತ್ತು. ಸರಳಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವಸರದಲ್ಲಿ, ತಾನು ನಿಂತ ಕಡೆಯಿಂದ, ತನ್ನ ಎಡಕ್ಕೆ ತುದಿ ಬರುವಂತೆ ಹಾಕಿಕೊಂಡು ಹೋಗಿದ್ದಳು. ಬದುಕಿರುವವರಿಗೆ ಬಡಿಸುವಾಗಲೂ ಬಡಿಸುವವರು ಎದುರಿಗೇ ಇರುತ್ತಾರೆ, ಆದರೂ ತಪ್ಪುವುದಿಲ್ಲ, ಏಕೆಂದರೆ ಕೂತವರು ಕಾಣುತ್ತಾರೆ. ಕಾಣದವರಿಗೆ ಎಲೆ ಹಾಕುವಾಗ ಅವರ ಎಡ ಯಾವುದೆಂದು ನಾವೇ ನೆನೆದುಕೊಳ್ಳಬೇಕು. ಸರಳವಾದ ಹಬ್ಬದಲ್ಲಿ ನೆನೆಯಲು ಹೊತ್ತು ಸಿಕ್ಕಿರಲಿಲ್ಲ.

"ನಾನೇ ತಿರುವುಮುರುವು ಹಾಕಿದೀನಿ ಮಾವ," ಎಂದಳು. "ಎಲ್ಲರದ್ದೂ."

"ಹಾಕಿದ್ದು ತಪ್ಪಿರ್ಬೋದು. ಉಂಡೋನು ಎಲೆ ಇದ್ದಂಗೆ ತಾನೇ ಕೂತ್ಕೊಳ್ಳೋದು?"

ನನ್ನ ಕೆಲಸದಲ್ಲಿ ಇಂಥ ಗಳಿಗೆ ಬರುತ್ತದೆ. ಎರಡು ಕಡೆಯವರೂ ಸರಿಯಾದ ದಾಖಲೆಯನ್ನೇ ತೋರಿಸುತ್ತಾರೆ, ಕಲ್ಲು ಮಾತ್ರ ಒಂದೇ. ಆಗ ಎಲ್ಲರೂ ಸರ್ವೆಯರ್ ಮುಖ ನೋಡುತ್ತಾರೆ. ಚೈತ್ರ ನನ್ನ ಮುಖ ನೋಡಿದಳು. ನಾನು ಎಲೆಯನ್ನೇ ನೋಡಿದೆ.

ಅತ್ತಿಗೆ ಗೋಡೆಗೆ ಒರಗಿ ಕೂತಲ್ಲಿಂದಲೇ ನಮ್ಮ ಹಿಂದೆ, ತೆರೆದ ಬಾಗಿಲಿನಾಚೆ, ಬೀದಿಯನ್ನು ನೋಡುತ್ತಿದ್ದರು.

"ಅವರು ಯಾವತ್ತೂ ಬಾಗಿಲಿಗೆ ಬೆನ್ನು ಹಾಕಿ ಕೂತಿಲ್ಲ," ಎಂದರು.

ಇದು ನಿಜ. ಅಣ್ಣ ಮದುವೆಮನೆಯಲ್ಲಿ ಕೂಡ ಬಾಗಿಲು ಕಾಣುವ ಜಾಗ ಸಿಗುವವರೆಗೆ ನಿಂತೇ ಇರುತ್ತಿದ್ದ. ಯಾಕೋ ಎಂದರೆ ನಗುತ್ತಿದ್ದ. ನಾವು ಅದನ್ನು ಗೇಲಿ ಮಾಡುತ್ತಿದ್ದೆವು. ಈಗ ಯೋಚಿಸಿದರೆ, ಅವನು ಯಾರನ್ನು ಕಾಯುತ್ತಿದ್ದನೋ ಎನಿಸುತ್ತದೆ.

ಚಿಕ್ಕಪ್ಪ ಹೆಗಲ ಟವೆಲು ತೆಗೆದು ಕೊಡವಿದರು. "ಅದು ದಿಟ. ಮುಂಡೇದು. ಕೂತ್ರೆ ಬಾಗ್ಲು ಕಾಣ್ಬೇಕು ಅವನಿಗೆ," ಎಂದರು. ಅತ್ತಿಗೆಯ ಕಡೆ ತಿರುಗಿ, "ಏಳು ತಾಯಿ. ಅಲ್ಲಿ ಕೂರ್ಬಾರ್ದು ನೀನು," ಎಂದರು.

ಅತ್ತಿಗೆ ಎದ್ದರು. ಎಲೆಯನ್ನು ಬಿಚ್ಚಲಿಲ್ಲ, ಯಾರಿಗೂ ಬಿಚ್ಚಲು ಬಿಡಲಿಲ್ಲ. ಹಾಗೇ ಎರಡು ಕೈಯಲ್ಲಿ ಎತ್ತಿಕೊಂಡು ಅಡುಗೆಮನೆ ದಾಟಿ ಹಿತ್ತಿಲಿಗೆ ಹೋದರು. ಅದು ಭಾರವಾಗಿತ್ತೇ, ಹಗುರವಾಗಿತ್ತೇ ಎಂದು ಅವರ ಕೈಗಳನ್ನೇ ನೋಡಿದೆ. ಗೊತ್ತಾಗಲಿಲ್ಲ. ಒಳಗೆ ಅನ್ನವಿತ್ತೋ ಇಲ್ಲವೋ ಎಂಬುದನ್ನು ಅವರೊಬ್ಬರೇ ಬಲ್ಲರು. ನಾನು ಕೇಳಿಲ್ಲ.

ಅವರು ಹೋದ ಮೇಲೆ ನನಗೆ ಹೊಳೆದದ್ದು ಹಿತ್ತಿಲ ಬಾಗಿಲು. ನಾವು ಹೊರಗಿದ್ದಾಗ ಅದರ ಚಿಲಕ ಹಾಕಿತ್ತೇ? ಓಡಿ ಹೋಗಿ ನೋಡುವಷ್ಟರಲ್ಲಿ ಅತ್ತಿಗೆ ಅದನ್ನು ದಾಟಿ ಹೋಗಿದ್ದರು, ಬಾಗಿಲು ಹಾರುಹೊಡೆದಿತ್ತು. ಅತ್ತಿಗೆ ಚಿಲಕ ತೆಗೆದ ಸದ್ದು ಕೇಳಿಸಿತೇ ಎಂದು ಉಳಿದವರನ್ನು ಬೇರೆ ಬೇರೆಯಾಗಿ ಕೇಳಿದೆ. ಸರಳಾ ಕೇಳಿಸಿತು ಎಂದಳು. ಚೈತ್ರ ಇಲ್ಲವೆಂದಳು. ಚಿಕ್ಕಪ್ಪ, "ಲೇ ಸೀನ, ಇದೇನು ನಿನ್ನ ಜಮೀನು ಜಗಳಾನಾ? ಎಲೆ ಹಾಕು, ಹೊಟ್ಟೆ ಹಸೀತದೆ" ಎಂದರು. ಮಹಜರಿನಲ್ಲಿ ಈ ಅಂಶವನ್ನು ನಾನು ಖಾಲಿ ಬಿಡಬೇಕಾಗುತ್ತದೆ.

ಆಮೇಲೆ ನಾವು ಉಂಡೆವು. ಆಟೋದಲ್ಲಿ ಬಂದ ಸಾಂಬಾರಿಗೆ ಉಪ್ಪೇ ಬಿದ್ದಿರಲಿಲ್ಲ. ಅದು ಮಾರನೆಯ ದಿನ ಉಳಿದದ್ದನ್ನು ಬಿಸಿ ಮಾಡಿದಾಗ ತಿಳಿಯಿತು. ಆ ರಾತ್ರಿ ಚಿಕ್ಕಪ್ಪನೂ ಸೇರಿ ಒಬ್ಬರೂ ಒಂದು ಮಾತು ಆಡಲಿಲ್ಲ. ಇನ್ನೊಂದು ಸ್ವಲ್ಪ ಹಾಕು ಎಂದವರಿಲ್ಲ, ಸಾಕು ಎಂದವರೂ ಇಲ್ಲ. ಅತಿಥಿಗಳು ಕೊಂಕು ತೆಗೆಯದ ಹಬ್ಬದ ಊಟವನ್ನು ಸರಳಾ ಕೊನೆಗೂ ಮಾಡಿಸಿದ್ದಳು. ನಾನು ಮಾತ್ರ ಒಂದು ವಿಷಯ ಗಮನಿಸಿದೆ. ಯಾವಾಗಲೂ ಎದುರುಬದುರಾಗಿ ಕೂರುವ ನಾವು ಐದೂ ಜನ ಅಂದು ಒಂದೇ ಸಾಲಿನಲ್ಲಿ, ಬಾಗಿಲು ಕಾಣುವಂತೆ ಕೂತಿದ್ದೆವು. ಬಾಗಿಲು ಹಾಕಲು ಯಾರೂ ಏಳಲಿಲ್ಲ.

ಮದುವೆಯ ಕಾರ್ಡಿನಲ್ಲಿ ಆ ಅಕ್ಷರ ಬೀಳಲಿಲ್ಲ. ಗೌರಿಬಿದನೂರಿಗೆ ಚಿಕ್ಕಪ್ಪ ತಾವೇ ಫೋನ್ ಮಾಡಿದರು. "ನಮ್ಮ ಹುಡುಗ ಊರಲ್ಲಿಲ್ಲ ಅಷ್ಟೇ" ಎಂದರಂತೆ. ಆ ಕಡೆಯವರು ಮತ್ತೆ ಕೇಳಲಿಲ್ಲ. ಚೈತ್ರಳಿಗೆ ಮೊದಲ ಅರಿಶಿನ ಹಚ್ಚಿದವರು ಅತ್ತಿಗೆ. ನಾನು ಚಪ್ಪರದ ಪೂರ್ವದ ಗಳುವಿನ ಹತ್ತಿರ ನಿಂತಿದ್ದೆ. 

ಈ ವಿಷಯವನ್ನು ಹೇಳಿದಾಗ ಕೆಲವರು ನಗುತ್ತಾರೆ, ಕೆಲವರು ಬೆಕ್ಕು ಎನ್ನುತ್ತಾರೆ. ಎಲೆ ಮಡಿಸುವ ಬೆಕ್ಕು ಸಿಕ್ಕರೆ ಸರಳಾ ಅದನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಸಿದ್ಧಳಿದ್ದಾಳೆ. ನನಗೆ ಯಾವುದನ್ನೂ ಸಾಧಿಸಬೇಕಾಗಿಲ್ಲ. ಒಂದು ಎಲೆಯನ್ನು ಎರಡು ಕಡೆಯಿಂದ ನೋಡಬಹುದು ಎಂಬುದಷ್ಟೇ ನನಗೆ ಖಚಿತ. ಹೊಸ್ತಿಲಲ್ಲಿ ನಿಂತವರಿಗೆ ಅದು ಹೋದವನ ಎಲೆ. ಗೋಡೆಗೆ ಒರಗಿ ಕೂತವರಿಗೆ ಬರುವವನ ಎಲೆ. ಹಾಗಾಗಿಯೇ ನಾನು ಎಲ್ಲಿ ನಿಂತಿದ್ದೆ ಎಂದು ಮೊದಲೇ ಹೇಳಿದ್ದು. ನಾನು ನಿಂತದ್ದು ಹೊಸ್ತಿಲಿನ ಕಡೆ. ಅತ್ತಿಗೆ ಕೂತ ಜಾಗಕ್ಕೆ ಹೋಗಿ ನೋಡುವ ಧೈರ್ಯ ನನಗೆ ಅಂದೂ ಬರಲಿಲ್ಲ, ಹಬ್ಬವಿಲ್ಲದ ದಿನಗಳಲ್ಲೂ ಬಂದಿಲ್ಲ. ಪಡಸಾಲೆಯ ಆ ಮೂಲೆಯಲ್ಲಿ ನಾವು ಯಾರೂ ಕುರ್ಚಿ ಹಾಕುವುದಿಲ್ಲ.

ಹಬ್ಬ ಈಗಲೂ ಸರಳವಾಗಿಯೇ ನಡೆಯುತ್ತದೆ. ಸಾಂಬಾರು ಆಟೋದಲ್ಲೇ ಬರುತ್ತದೆ. ಎಲೆಯನ್ನು ಮಾತ್ರ ಸರಳಾ ನಿಧಾನವಾಗಿ, ಮನಸ್ಸಿನಲ್ಲೇ ಆ ಕಡೆ ಹೋಗಿ ಕೂತು, ಯಾರ ಎಡ ಯಾವುದೆಂದು ನೋಡಿ ಹಾಕುತ್ತಾಳೆ. ಕಳೆದ ವರ್ಷ ಆ ಸಾಲಿಗೆ ಒಂದು ಎಲೆ ಹೆಚ್ಚಾಯಿತು. ಅದು ಬೈರಪ್ಪ ಚಿಕ್ಕಪ್ಪನದು. ಬಾಗಿಲು ತೆಗೆದಾಗ ಅವರ ಎಲೆ ಮಡಿಸಿರಲಿಲ್ಲ. ಅಣ್ಣನ ಎಲೆಯನ್ನು ಆ ಸಾಲಿಗೆ ಮತ್ತೆ ಹಾಕಿಲ್ಲ. ಅತ್ತಿಗೆ ಅದನ್ನು ನಮ್ಮ ಊಟದ ಸಾಲಿನಲ್ಲಿ ತಮ್ಮ ಪಕ್ಕಕ್ಕೆ ಹಾಕುತ್ತಾರೆ, ಬಡಿಸದೆ. ಬಂದ ಮೇಲೆ ಬಿಸಿಯದು ಬಡಿಸಿದರಾಯಿತು ಎನ್ನುತ್ತಾರೆ.

ಇನ್ನು ಕೊನೆಯ ಭಾಗ. ಮಡಿಸಿದ ಎಲೆಯನ್ನು ಕಣ್ಣಾರೆ ಕಂಡವರು: ನಾನು, ಶ್ರೀನಿವಾಸ. ನನ್ನ ಹೆಂಡತಿ ಸರಳಾ. ಚೈತ್ರ, ಈಗ ಗೌರಿಬಿದನೂರಿನಲ್ಲಿದ್ದಾಳೆ. ಅತ್ತಿಗೆ ರತ್ನಮ್ಮ, ಜಂಗಮಕೋಟೆಯಲ್ಲಿ ಇದೇ ಮನೆಯಲ್ಲಿದ್ದಾರೆ. ಬೈರಪ್ಪ ಚಿಕ್ಕಪ್ಪ ಕಂಡಿದ್ದರು, ಈಗಿಲ್ಲ. ಬದುಕಿರುವವರು ನಾಲ್ಕು ಜನ ಎಂದು ಬರೆದು ಅತ್ತಿಗೆಗೆ ಓದಿ ಹೇಳಿದೆ. ಅವರು ಸೊಪ್ಪು ಹೆಚ್ಚುತ್ತಿದ್ದ ಕೈ ನಿಲ್ಲಿಸಲಿಲ್ಲ.

"ಐದು ಅಂತ ಬರಿ ಸೀನಪ್ಪ," ಎಂದರು. "ಮಡಿಸಿದೋರು ನೋಡ್ದೆ ಮಡಿಸ್ತಾರಾ?"